ಕಂತು ಇಳಿಸಬೇಕಾ, ವರ್ಷ ಇಳಿಸಬೇಕಾ?

ಬೋನಸ್ ಬರುವ ತಿಂಗಳು ಶುರುವಾದರೆ ಸಾಕು, ಗೃಹ ಸಾಲದ ಬಗ್ಗೆ ಒಂದೇ ಪ್ರಶ್ನೆ ಹತ್ತು ಊರುಗಳಿಂದ ಬರುತ್ತದೆ. ಕೆಲವರು ಯಾವುದೋ ರೀಲ್ ನೋಡಿ ಉತ್ತರವನ್ನೂ ತಾವೇ ಬರೆದಿರುತ್ತಾರೆ, ನಾನು ಹೂಂ ಅಂದರೆ ಸಾಕು ಅವರಿಗೆ. ಇಎಂಐ ಅಂದರೇನು, ಫ್ಲೋಟಿಂಗ್ ದರ ಅಂದರೇನು ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಸಾಲ ಮಾಡಿದವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: 50 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ಮೂರು ವರ್ಷ ಕಂತು ಕಟ್ಟಿದ್ದೇವೆ. ಈಗ 5 ಲಕ್ಷ ಕೈಯಲ್ಲಿದೆ. ಇದನ್ನು ಕಟ್ಟಿ ಕಂತು ಇಳಿಸಿಕೊಳ್ಳಬೇಕಾ, ಅವಧಿ ಇಳಿಸಿಕೊಳ್ಳಬೇಕಾ? ಅವಧಿ ಇಳಿಸಿದರೆ ಮಾತ್ರ ಲಾಭ ಅಂತಾರೆ, ನಿಜವಾ?

ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ನನಗೆ ಇಷ್ಟು ಕೆಲಸ ಇರುತ್ತಿರಲಿಲ್ಲ.

ನಿಮ್ಮ ಲೆಕ್ಕವನ್ನೇ ನೋಡೋಣ. ಕಂತು 43,391 ರೂಪಾಯಿ. ಮೊದಲ ತಿಂಗಳು ಅದರಲ್ಲಿ 35,417 ಬಡ್ಡಿಗೇ ಹೋಯಿತು, ಅಸಲಿಗೆ ಸೇರಿದ್ದು ಬರೀ 7,974. ಮೂರು ವರ್ಷದಲ್ಲಿ 15.6 ಲಕ್ಷ ಕಟ್ಟಿದ್ದೀರಿ. ಅಸಲು ಇಳಿದಿದ್ದು 3.26 ಲಕ್ಷ. ಈಗ ಬಾಕಿ 46.74 ಲಕ್ಷ, ಉಳಿದಿರುವುದು 204 ಕಂತು.

5 ಲಕ್ಷ ಕಟ್ಟಿದ ದಿನ ಬಾಕಿ 41.74 ಲಕ್ಷಕ್ಕೆ ಬರುತ್ತದೆ. ಕಂತು 43,391ರಲ್ಲೇ ಇದ್ದರೆ 204ರ ಬದಲು 162 ತಿಂಗಳಿಗೆ ಸಾಲ ಮುಗಿಯುತ್ತದೆ. ಮೂರೂವರೆ ವರ್ಷ ಮುಂಚೆ. ಉಳಿಯುವ ಬಡ್ಡಿ ಸುಮಾರು 13.2 ಲಕ್ಷ. ಅವಧಿ ಹಾಗೇ ಬಿಟ್ಟು ಕಂತು ಇಳಿಸಿದರೆ ಅದು 38,750ಕ್ಕೆ ಬರುತ್ತದೆ, ಉಳಿಯುವ ಬಡ್ಡಿ ಸುಮಾರು 4.5 ಲಕ್ಷ.

ರೀಲ್ ಇಲ್ಲಿಗೆ ನಿಲ್ಲುತ್ತದೆ. "13 ಲಕ್ಷ ಎಲ್ಲಿ, ನಾಲ್ಕೂವರೆ ಲಕ್ಷ ಎಲ್ಲಿ, ಕಂತು ಇಳಿಸಿದವನು ದಡ್ಡ" ಅಂತ ಕೂಗಿ ಮುಗಿಸುತ್ತಾರೆ. ಆದರೆ ಕಂತು ಇಳಿಸಿದವನ ಕೈಯಲ್ಲಿ ಪ್ರತಿ ತಿಂಗಳು 4,641 ರೂಪಾಯಿ ಉಳಿಯಿತಲ್ಲ, ಅದೆಲ್ಲಿ ಹೋಯಿತು? ಲೆಕ್ಕಕ್ಕೇ ತಂದಿಲ್ಲ. ಆ 4,641ನ್ನು ಅವನು ಕಂತಿನ ಜೊತೆಗೇ ಪ್ರತಿ ತಿಂಗಳು ಸಾಲಕ್ಕೆ ಕಟ್ಟಿದರೆ? ಎರಡೂ ಸೇರಿ ಮತ್ತೆ 43,391. ಅದೇ 162ನೇ ತಿಂಗಳಿಗೆ ಅವನ ಸಾಲವೂ ತೀರುತ್ತದೆ, ಅದೇ 13.2 ಲಕ್ಷ ಅವನಿಗೂ ಉಳಿಯುತ್ತದೆ. ನೀವು ಕಟ್ಟುವ 5 ಲಕ್ಷ ಎರಡು ದಾರಿಯಲ್ಲೂ ಉಳಿಸುವುದು ಅದೇ ಶೇ 8.5 ಬಡ್ಡಿಯನ್ನೇ. ಬ್ಯಾಂಕಿನವರು ಕೇಳುತ್ತಿರುವುದು ಇಷ್ಟೇ: ತಿಂಗಳಿಗೆ 4,641 ರೂಪಾಯಿ ಯಾರ ಕೈಯಲ್ಲಿರಬೇಕು, ನಿಮ್ಮದರಲ್ಲಾ, ನಮ್ಮದರಲ್ಲಾ?

ಇದಕ್ಕೆ ಉತ್ತರ ಗಣಿತದಲ್ಲಿಲ್ಲ, ನಿಮ್ಮ ಸ್ವಭಾವದಲ್ಲಿದೆ. ಹೆಚ್ಚಿನವರು ಆ 4,641ನ್ನು ವಾಪಸ್ ಕಟ್ಟುವುದಿಲ್ಲ. ಎರಡನೇ ತಿಂಗಳಿಗೇ ಅದು ಹೊಸ ಫೋನಿನ ಕಂತಾಗಿರುತ್ತದೆ. ಅಂಥವರು ಸುಮ್ನೆ ಅವಧಿ ಇಳಿಸಿಕೊಳ್ಳಿ. ಸರ್ಕಾರಿ ನೌಕರಿ, ಗಂಡ ಹೆಂಡತಿ ಇಬ್ಬರಿಗೂ ಸಂಬಳ ಇದ್ದವರಿಗೂ ಇದೇ ಮಾತು. ಆದರೆ ಒಬ್ಬರದೇ ದುಡಿಮೆ, ಯಾವಾಗ ಕೆಲಸ ಹೋಗುತ್ತದೋ ಗೊತ್ತಿಲ್ಲ ಅನ್ನುವ ಕಂಪನಿ, ಅಥವಾ ತಿಂಗಳಿಗೊಂದು ಥರ ವ್ಯಾಪಾರ ಇದ್ದವರು ಕಂತು ಇಳಿಸಿಕೊಳ್ಳುವುದೇ ವಾಸಿ. ಚೆನ್ನಾಗಿದ್ದಾಗ ಜಾಸ್ತಿ ಕಟ್ಟಿ, ಕಷ್ಟ ಬಂದಾಗ 38,750 ಕಟ್ಟಿ ಸುಮ್ಮನಿರಿ. ಒಮ್ಮೆ ಇಳಿಸಿದ ಅವಧಿಯನ್ನು ಕೆಲಸ ಹೋದಮೇಲೆ ಮತ್ತೆ ಹಿಗ್ಗಿಸಿಕೊಡಿ ಅಂತ ಹೋದರೆ ಯಾವ ಬ್ಯಾಂಕೂ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಇನ್ನೊಂದು ಮಾತು, ಇದು ನನ್ನ ಅಂಜುಬುರುಕತನ ಅಂತಲೇ ಅಂದುಕೊಳ್ಳಿ. ಆ 5 ಲಕ್ಷ ಬಿಟ್ಟರೆ ನಿಮ್ಮ ಹತ್ತಿರ ಬೇರೆ ಉಳಿತಾಯ ಇಲ್ಲವಾದರೆ ಪೂರ್ತಿ ಕಟ್ಟಬೇಡಿ. ಆರು ತಿಂಗಳ ಕಂತು ಅಂದರೆ 2.6 ಲಕ್ಷ. ಅಷ್ಟನ್ನು ಎಫ್‌ಡಿಯಲ್ಲಿಡಿ, ಉಳಿದದ್ದನ್ನು ಸಾಲಕ್ಕೆ ಹಾಕಿ. ಬಡ್ಡಿಯ ವ್ಯತ್ಯಾಸದಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ, ಪರವಾಗಿಲ್ಲ. ಸಾಲಕ್ಕೆ ಹಾಕಿದ ದುಡ್ಡು ಆಸ್ಪತ್ರೆ ಬಿಲ್ಲಿಗೆ ವಾಪಸ್ ಬರುವುದಿಲ್ಲ.

ಕಟ್ಟುವಾಗ ಆ್ಯಪ್‌ನಲ್ಲಿ ಒತ್ತಿ ಮರೆತುಬಿಡಬೇಡಿ. "ಪಾರ್ಟ್ ಪೇಮೆಂಟ್, ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ" ಅಥವಾ "ಕಂತು ಇಳಿಸಿ" ಅಂತ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಹಾಗೆ ಹೇಳದಿದ್ದರೆ ಕೆಲವು ಕಡೆ ಆ ದುಡ್ಡು ಮುಂದಿನ ಕಂತುಗಳ ಮುಂಗಡ ಅಂತ ಖಾತೆಯಲ್ಲಿ ಸುಮ್ಮನೆ ಕೂತಿರುತ್ತದೆ, ಬಡ್ಡಿ ಒಂದು ಪೈಸೆ ಇಳಿಯುವುದಿಲ್ಲ. ಹೊಸ ಕಂತಿನ ಪಟ್ಟಿ ಕೈಗೆ ಬಂದು, ಅದರಲ್ಲಿ ಬಾಕಿ 41.74 ಲಕ್ಷ ಅಂತ ಕಂಡಮೇಲೆಯೇ ಕೆಲಸ ಆಯಿತು ಅನ್ನಿ.

ಪ್ರಶ್ನೆ: ಬ್ಯಾಂಕು ಮೊದಲ ಹತ್ತು ವರ್ಷದಲ್ಲೇ ಬಡ್ಡಿಯನ್ನೆಲ್ಲ ವಸೂಲಿ ಮಾಡಿಬಿಡುತ್ತದಂತೆ. ಆಮೇಲೆ ಜಾಸ್ತಿ ಕಟ್ಟಿ ಪ್ರಯೋಜನವಿಲ್ಲ ಅಲ್ವಾ?

ಅಲ್ಲ. ಆ ತಿಂಗಳು ಎಷ್ಟು ಬಾಕಿ ಇದೆಯೋ ಅದರ ಮೇಲಷ್ಟೇ ಬಡ್ಡಿ. ಮುಂದಿನದನ್ನು ಯಾರೂ ಮುಂಚೆ ವಸೂಲಿ ಮಾಡಿಲ್ಲ. ಕೊನೆಯಲ್ಲಿ ಕಟ್ಟಿದರೆ ಉಳಿತಾಯ ಕಡಿಮೆ, ಯಾಕೆಂದರೆ ಉಳಿದ ವರ್ಷಗಳೇ ಕಡಿಮೆ. ಈ ಕಥೆಯನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.

ಪ್ರಶ್ನೆ: ರೆಪೋ ದರ ಇಳಿಯಿತು. ಕಂತು ಇಳಿಸಿಕೊಳ್ಳಲಾ?

ರೆಪೋ ಅಂದರೆ ರಿಸರ್ವ್ ಬ್ಯಾಂಕು (ಆರ್‌ಬಿಐ) ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ದರ. 2025ರ ಫೆಬ್ರುವರಿಯಿಂದ ಡಿಸೆಂಬರ್ ಒಳಗೆ ಅದು ಶೇ 6.5ರಿಂದ 5.25ಕ್ಕೆ ಇಳಿಯಿತು. ಹಳೇ ಕಂತನ್ನು ಕಟ್ಟುವ ಶಕ್ತಿ ಇದ್ದರೆ ಅದನ್ನೇ ಮುಂದುವರಿಸಿ. ಕೈಯಿಂದ ಹೊಸದಾಗಿ ಏನೂ ಹಾಕದೆ ಅಸಲು ಬೇಗ ಕರಗುತ್ತದೆ. ಅದಕ್ಕಿಂತ ಮುಖ್ಯ, ಸ್ಟೇಟ್‌ಮೆಂಟಿನಲ್ಲಿ ಇನ್ನು ಎಷ್ಟು ಕಂತು ಬಾಕಿ ಅಂತ ನೋಡಿ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೋ 4ರಿಂದ 6.5ಕ್ಕೆ ಏರಿದಾಗ ಎಷ್ಟೋ ಜನರ ಕಂತು ಹಾಗೇ ಇತ್ತು, ಅವಧಿ ಮಾತ್ರ ಸದ್ದಿಲ್ಲದೆ ಬೆಳೆದಿತ್ತು. ನಿವೃತ್ತಿಯ ನಂತರಕ್ಕೂ ಹೋಗಿದೆ ಕೆಲವರದು. 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಇದಕ್ಕೊಂದು ನಿಯಮ ತಂದಿತು. ಕಂತು ಏರಿಸಬೇಕಾ, ಅವಧಿ ಬೆಳೆಸಬೇಕಾ, ಎರಡೂನಾ ಅಂತ ನಿಮ್ಮನ್ನು ಕೇಳಬೇಕು. ಉಳಿದ ಕಂತುಗಳ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು. ಕೊಟ್ಟದ್ದನ್ನು ಓದುವುದು ಮಾತ್ರ ನಿಮ್ಮ ಪಾಲಿನದು.

ಪ್ರಶ್ನೆ: ತೆರಿಗೆ ವಿನಾಯಿತಿಗೋಸ್ಕರ ಸಾಲ ಇಟ್ಟುಕೊಂಡರೆ ಒಳ್ಳೆಯದು ಅಂತಾರೆ?

2 ಲಕ್ಷ ಬಡ್ಡಿ ಕಟ್ಟಿ, ಸೆಸ್ ಸೇರಿ 62,400 ತೆರಿಗೆ ಉಳಿಸುವುದಕ್ಕೆ ಒಳ್ಳೆಯದು ಅಂತ ಹೆಸರು! ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಶೇ 30ರ ಸ್ಲ್ಯಾಬಿನವರಿಗೆ. ಹೊಸ ಪದ್ಧತಿಯಲ್ಲಿ ನೀವೇ ವಾಸವಿರುವ ಮನೆಗೆ ಅದೂ ಇಲ್ಲ.

ಪ್ರಶ್ನೆ: ಮುಂಚೆ ಕಟ್ಟಿದರೆ ದಂಡ ಹಾಕುತ್ತಾರಾ?

ಫ್ಲೋಟಿಂಗ್ ದರದ, ಅಂದರೆ ಬಡ್ಡಿ ಏರಿಳಿಯುವ ಗೃಹ ಸಾಲಕ್ಕೆ 2012ರಿಂದಲೇ ಬ್ಯಾಂಕುಗಳು ಹಾಕುವಂತಿಲ್ಲ. ಫಿಕ್ಸೆಡ್ ದರವಾದರೆ ಮಂಜೂರಾತಿ ಪತ್ರ ತೆಗೆದು ಓದಿ.

ಪ್ರಶ್ನೆ: ಕಂತಿನ ಜೊತೆ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ದುಡ್ಡು) ಹಾಕಿದರೆ ಸಾಲ ಬಡ್ಡಿಯಿಲ್ಲದ್ದು ಆಗುತ್ತದೆ ಅಂತ ಏಜೆಂಟ್ ಹೇಳುತ್ತಿದ್ದಾರೆ.

ಏಜೆಂಟರಿಗೆ ಕಮಿಷನ್ ಆಗುತ್ತದೆ. ಶೇರುಪೇಟೆಯ ಲಾಭ ಊಹೆ, ನಿಮ್ಮ ಬಡ್ಡಿ ಖಚಿತ. ಎಸ್‌ಐಪಿ ಬೇಕಾದರೆ ಹಾಕಿ, ನಾನು ಬೇಡ ಅನ್ನುವುದಿಲ್ಲ. ಅದಕ್ಕೂ ಸಾಲಕ್ಕೂ ಗಂಟು ಹಾಕಿ ಮಾರುವವರನ್ನು ಬಾಗಿಲಲ್ಲೇ ಕಳಿಸಿ. ಪರ್ಸನಲ್ ಲೋನ್ ತೆಗೆದು ಗೃಹ ಸಾಲ ತೀರಿಸಿ ಅನ್ನುವವರನ್ನು ಅದಕ್ಕೂ ಮುಂಚೆ.

ಪ್ರಶ್ನೆ: ಪೂರ್ತಿ ತೀರಿಸಿದೆ. ಪತ್ರಗಳು ಇನ್ನೂ ಬಂದಿಲ್ಲ.

ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು ಅಂತ 2023ರ ಸೆಪ್ಟೆಂಬರ್‌ನಲ್ಲೇ ಆರ್‌ಬಿಐ ಹೇಳಿದೆ. ಅವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಅವರೇ ಕೊಡಬೇಕು. ಈ ಎರಡು ಮಾತನ್ನು ಬರೆದು ಶಾಖೆಗೆ ಕೊಡಿ, ಆಗಲಿಲ್ಲವೆಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್ ಕಡೆ ಹೋಗಿ. ಪತ್ರ ಕೈಗೆ ಬಂದಮೇಲೆ ಒಂದು ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ, ಅಡಮಾನ ಬಿಡುಗಡೆಯ ನಮೂದು ಬಂದಿದೆಯಾ ನೋಡಿ. ಅದಿಲ್ಲದಿದ್ದರೆ ಮನೆ ಮಾರಲು ಹೊರಟ ದಿನ ಮತ್ತೆ ಅದೇ ಶಾಖೆಗೆ ಅಲೆಯಬೇಕಾಗುತ್ತದೆ.