ಕೆಲಸ ಇಲ್ಲದವರಿಗೆ ಕೆಲಸ ಯಾಕೆ ಕೊಡಲ್ಲ?

ಪ್ರಶ್ನೆ: ಬೆಂಗಳೂರಿನಲ್ಲಿ ಆರು ವರ್ಷ ಅಕೌಂಟೆಂಟ್ ಆಗಿದ್ದೆ. ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು, ಕೆಲಸ ಬಿಟ್ಟು ಊರಿಗೆ ಬಂದೆ. ಎರಡು ವರ್ಷ ಅಪ್ಪನನ್ನೂ ಕಾಫಿ ತೋಟವನ್ನೂ ನೋಡಿಕೊಂಡೆ. ಈಗ ತಮ್ಮ ಊರಿಗೆ ಬಂದಿದ್ದಾನೆ, ನಾನು ಮತ್ತೆ ಕೆಲಸ ಹುಡುಕುತ್ತಿದ್ದೇನೆ. ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಅದೇ ಪ್ರಶ್ನೆ, ‘ಎರಡು ವರ್ಷ ಮನೆಯಲ್ಲಿ ಏನು ಮಾಡುತ್ತಿದ್ದಿರಿ?’ ಒಬ್ಬರಂತೂ ಫೋನಿನಲ್ಲೇ ‘ಈಗ ಕೆಲಸದಲ್ಲಿ ಇರುವವರನ್ನು ಮಾತ್ರ ನೋಡುತ್ತಿದ್ದೇವೆ’ ಅಂದರು. ಕೆಲಸ ಇಲ್ಲದವರಿಗೆ ತಾನೇ ಕೆಲಸ ಬೇಕಿರುವುದು? ಇದನ್ನು ತಡೆಯುವ ಕಾನೂನು ಇಲ್ಲವೇ?
– ಹೆಸರು ಬೇಡ, ಪೊನ್ನಂಪೇಟೆ

ಉತ್ತರ: ಕಾನೂನಿನ ಮಾತು ಮೊದಲು ಮುಗಿಸೋಣ. ನಮ್ಮ ಸಂವಿಧಾನದ 16ನೇ ವಿಧಿ ಸಮಾನ ಅವಕಾಶದ ಬಗ್ಗೆ ಹೇಳುತ್ತದೆ, ಆದರೆ ಅದು ಸರ್ಕಾರಿ ಕೆಲಸಕ್ಕೆ. ಖಾಸಗಿ ಕಂಪನಿಯವರು ‘ನೀವು ಈಗ ಕೆಲಸದಲ್ಲಿಲ್ಲ’ ಅಂತ ಅರ್ಜಿ ಪಕ್ಕಕ್ಕೆ ಇಟ್ಟರೆ ಅದನ್ನು ತಡೆಯುವ ಕಾನೂನು ಇಲ್ಲಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ‘ನಿರುದ್ಯೋಗಿಗಳು ಅರ್ಜಿ ಹಾಕಬೇಡಿ’ ಅಂತ ಜಾಹೀರಾತು ಕೊಡುವುದನ್ನೇ 2011ರಲ್ಲಿ ನಿಷೇಧಿಸಿದರು. ನ್ಯೂಯಾರ್ಕ್ ನಗರ 2013ರಲ್ಲಿ ಇನ್ನೂ ಮುಂದೆ ಹೋಗಿ, ಹೀಗೆ ತಳ್ಳಿಹಾಕಿದವರ ಮೇಲೆ ಅರ್ಜಿದಾರರೇ ಕೋರ್ಟಿಗೆ ಹೋಗಬಹುದು ಅಂತ ಮಾಡಿತು. ನಮ್ಮಲ್ಲೂ ಅಂಥದ್ದು ಬರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ನಿಮಗೆ ಕೆಲಸ ಬೇಕಿರುವುದು ಈ ತಿಂಗಳು.

ಅವರು ಹೀಗೆ ಯಾಕೆ ಮಾಡುತ್ತಾರೆ ಅಂತ ತಿಳಿದರೆ ಎದುರಿಸುವುದು ಸ್ವಲ್ಪ ಸುಲಭ. ನೂರಾರು ಅರ್ಜಿ ಬಂದಿರುತ್ತವೆ, ಎಲ್ಲವನ್ನೂ ಓದುವ ಪುರುಸೊತ್ತು ಯಾರಿಗೂ ಇಲ್ಲ. ಬೇಗ ಕಡಿಮೆ ಮಾಡಲು ಏನಾದರೂ ಒಂದು ನೆಪ ಬೇಕು. ‘ಇಷ್ಟು ದಿನ ಬೇರೆ ಯಾರೂ ತೆಗೆದುಕೊಂಡಿಲ್ಲ ಅಂದರೆ ಇವರಲ್ಲೇ ಏನೋ ಕೊರತೆ ಇರಬೇಕು’ ಅನ್ನುವುದು ಆ ನೆಪ. ಮುಂದಿನ ಕಂಪನಿಯವರೂ ಹಾಗೇ ಯೋಚಿಸುತ್ತಾರೆ, ಅದರ ಮುಂದಿನವರೂ. ನಿಮ್ಮ ಕೆಲಸವನ್ನು ಒಬ್ಬರೂ ನೋಡಿರುವುದಿಲ್ಲ, ಆದರೂ ಎಲ್ಲರೂ ತೀರ್ಪು ಕೊಟ್ಟು ಆಗಿರುತ್ತದೆ!

ಇದು ಬರೀ ಊಹೆ ಅಲ್ಲ. ಅಮೆರಿಕದಲ್ಲಿ ಮೂವರು ಅರ್ಥಶಾಸ್ತ್ರಜ್ಞರು ನೂರು ನಗರಗಳ ಸುಮಾರು 3,000 ಹುದ್ದೆಗಳಿಗೆ 12,000ದಷ್ಟು ಕಾಲ್ಪನಿಕ ರೆಸ್ಯೂಮೆ ಕಳಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಕೆಲಸ ಇಲ್ಲದ ತಿಂಗಳು ಜಾಸ್ತಿ ಆದಷ್ಟೂ ಸಂದರ್ಶನದ ಕರೆ ಕಡಿಮೆ ಆಯಿತು, ಅದೂ ಮುಖ್ಯವಾಗಿ ಮೊದಲ ಎಂಟು ತಿಂಗಳಲ್ಲಿ. ನಿರುದ್ಯೋಗ ಜಾಸ್ತಿ ಇದ್ದ ಊರುಗಳಲ್ಲಿ ಈ ಇಳಿತ ಕಡಿಮೆ. ಎಲ್ಲರೂ ಕೆಲಸ ಕಳೆದುಕೊಂಡಿದ್ದಾರೆ ಅಂತ ಗೊತ್ತಿದ್ದಾಗ ಒಬ್ಬರ ಮೇಲೆ ಅನುಮಾನ ಪಡುವುದಿಲ್ಲ ಅಂತಾಯಿತು, ಅಲ್ವಾ? ಅಂದರೆ ನಿಮ್ಮನ್ನು ಅಳೆಯುತ್ತಲೇ ಇಲ್ಲ, ಕ್ಯಾಲೆಂಡರ್ ನೋಡಿ ಊಹೆ ಮಾಡುತ್ತಿದ್ದಾರೆ.

ಸ್ವೀಡನ್ನಿನಲ್ಲಿ ಇಂಥದ್ದೇ ಇನ್ನೊಂದು ಅಧ್ಯಯನ ನಡೆದು 2014ರಲ್ಲಿ ಹೊರಬಂತು. ಅಲ್ಲಿ ಕಂಡದ್ದು ನಿಮಗೆ ಹೆಚ್ಚು ಉಪಯೋಗ. ಹಿಂದೆ ಯಾವಾಗಲೋ ಕೆಲಸ ಇಲ್ಲದೆ ಇದ್ದದ್ದನ್ನು ಕಂಪನಿಗಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತೊಂದರೆ ಆಗಿದ್ದು ಈಗಲೂ ಕೆಲಸ ಇಲ್ಲದೆ ಒಂಬತ್ತು ತಿಂಗಳು ದಾಟಿದವರಿಗೆ. ಹಾಗಾಗಿ ಸರಿಯಾದ ಕೆಲಸ ಸಿಗುವ ತನಕ ಕಾಯುತ್ತಾ ಕೂರಬೇಡಿ. ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಆಡಿಟರ್ ಆಫೀಸುಗಳನ್ನು ವಿಚಾರಿಸಿ. ಆದಾಯ ತೆರಿಗೆ ರಿಟರ್ನ್ ಹಾಕುವ ತಿಂಗಳುಗಳಲ್ಲಿ ಅವರಿಗೆ ಕೈ ಸಾಲುವುದಿಲ್ಲ, ಜಿಎಸ್‌ಟಿ ಕೆಲಸ ಪ್ರತಿ ತಿಂಗಳೂ ಇದ್ದೇ ಇರುತ್ತದೆ. ಅರ್ಧ ದಿನದ ಕೆಲಸವಾದರೂ ಪರವಾಗಿಲ್ಲ. ರೆಸ್ಯೂಮೆಯ ಮೊದಲ ಸಾಲು ‘ಇಂದಿನವರೆಗೆ’ ಅಂತ ಮುಗಿಯುವಂತಾದರೆ ಸಾಕು.

ಈಗ ಆ ಎರಡು ವರ್ಷದ ವಿಷಯ. ‘ಮನೆಯಲ್ಲಿ ಇದ್ದೆ’ ಅಂತ ನೀವೇ ಹೇಳುತ್ತಿದ್ದೀರಾ? ದಯವಿಟ್ಟು ಹಾಗೆ ಹೇಳಬೇಡಿ. ತೋಟದಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆದವರು ಯಾರು? ವಾರದ ಬಟವಾಡೆ ಮಾಡಿದವರು, ಆಳುಗಳ ಮುಂಗಡ ಹಿಡಿದುಕೊಂಡವರು, ಗೊಬ್ಬರದ ಬಿಲ್ಲು, ಬೆಳೆಸಾಲದ ನವೀಕರಣ, ಕಾಳುಮೆಣಸು ಮಾರಿದ ದುಡ್ಡು, ಕಾಫಿ ಚೆರ್ರಿ ಕೊಡುವಾಗ ಔಟ್‌ಟರ್ನ್ (ಅದರಿಂದ ಎಷ್ಟು ಬೀಜ ಸಿಗುತ್ತದೆ ಎನ್ನುವ ಲೆಕ್ಕ) ನೋಡಿ ವ್ಯಾಪಾರಿ ಹತ್ತಿರ ರೇಟು ಕುದುರಿಸಿದ್ದು – ಇದೆಲ್ಲ ನೀವು ಮಾಡಿದ್ದೇ ಆದರೆ ಅದು ಅಕೌಂಟೆಂಟ್ ಕೆಲಸವೇ. ಊರಿನಲ್ಲಿ ಇದೇ ಕೆಲಸವನ್ನು ದೊಡ್ಡ ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಮಾಡಿದರೆ ಸಂಬಳ ಕೊಡುತ್ತಾರೆ, ಮನೆಮಗಳು ಮಾಡಿದರೆ ಲೆಕ್ಕಕ್ಕೆ ಇಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ. ರೆಸ್ಯೂಮೆಯಲ್ಲಿ ತಿಂಗಳು, ವರ್ಷದ ಸಮೇತ ‘ಕುಟುಂಬದ ಕಾಫಿ ತೋಟದ ಲೆಕ್ಕಪತ್ರ ಮತ್ತು ನಿರ್ವಹಣೆ’ ಅಂತ ಬರೆಯಿರಿ. ಎಷ್ಟು ಎಕರೆ, ಕೊಯ್ಲಿನ ಸಮಯದಲ್ಲಿ ಎಷ್ಟು ಜನ ಆಳು, ವರ್ಷದ ವಹಿವಾಟು ಎಷ್ಟು, ಮೂರನ್ನೂ ಹಾಕಿ. ಮಾಡದೇ ಇದ್ದದ್ದನ್ನು ಮಾತ್ರ ಸೇರಿಸಬೇಡಿ.

ಸಂದರ್ಶನದಲ್ಲಿ ಕೇಳಿದರೆ ಉದ್ದ ಕಥೆ ಬೇಡ, ಕ್ಷಮೆ ಕೇಳುವ ದನಿಯಂತೂ ಬೇಡವೇ ಬೇಡ. ‘ಅಪ್ಪನ ಆರೋಗ್ಯ ಮತ್ತು ತೋಟದ ಜವಾಬ್ದಾರಿ ನನ್ನ ಮೇಲಿತ್ತು, ಈಗ ತಮ್ಮ ನೋಡಿಕೊಳ್ಳುತ್ತಾನೆ, ಸೋಮವಾರದಿಂದಲೇ ಸೇರಬಲ್ಲೆ’ – ಇಷ್ಟು ಹೇಳಿ ನಿಲ್ಲಿಸಿ, ಕೆಲಸದ ಮಾತಿಗೆ ಬನ್ನಿ. ಕೊನೆಯ ಮಾತಿಗೆ ಬೆಲೆ ಇದೆ. ಕೆಲಸದಲ್ಲಿ ಇರುವವರು ಎಷ್ಟೋ ಕಂಪನಿಗಳಲ್ಲಿ ಮೂರು ತಿಂಗಳ ನೋಟಿಸ್ ಕೊಟ್ಟು ಬರಬೇಕು. ಅದಕ್ಕೇ ಜಾಹೀರಾತಿನಲ್ಲಿ ‘ತಕ್ಷಣ ಸೇರುವವರು ಬೇಕು’ ಅಂತ ಹಾಕುತ್ತಾರೆ. ತಕ್ಷಣ ಸೇರುವವರು ನಿಮ್ಮಂಥವರೇ, ಅದನ್ನು ನೀವಾಗಿಯೇ ಅವರಿಗೆ ನೆನಪಿಸಿ. ಇನ್ನೊಂದು, ವೆಬ್‌ಸೈಟಿನಲ್ಲಿ ಮಾತ್ರ ಅರ್ಜಿ ಹಾಕುತ್ತಾ ಇರಬೇಡಿ. ಹಳೆಯ ಸಹೋದ್ಯೋಗಿಗಳಿಗೆ ನೇರವಾಗಿ ಫೋನ್ ಮಾಡಿ. ಬೆಂಗಳೂರು, ಮೈಸೂರಿನಲ್ಲಿರುವ ನಮ್ಮ ಕೊಡಗಿನ ಕಡೆಯ ಸಮಾಜಗಳಲ್ಲಿ (ಊರಿನವರ ಸಂಘಗಳಲ್ಲಿ) ಪರಿಚಯದವರಿದ್ದರೆ ಅವರಿಗೂ ಹೇಳಿ. ಗೊತ್ತಿರುವವರ ಕೈಯಿಂದ ಹೋದ ರೆಸ್ಯೂಮೆಯನ್ನು ದಿನಾಂಕ ನೋಡಿ ಎಸೆಯುವುದು ಕಡಿಮೆ.

ಪ್ರಶ್ನೆ: ಡಿಗ್ರಿ ಮುಗಿದು ವರ್ಷ ದಾಟಿತು, ಯುವನಿಧಿ ಹಣ ಬರುತ್ತಿದೆ. ಖಾಲಿ ಇದ್ದರೆ ಯಾರೂ ಕರೆಯಲ್ಲ, ಯಾವುದಾದರೂ ಕಂಪನಿಯ ಅನುಭವ ಪತ್ರ ಮಾಡಿಸಿಕೋ ಅಂತ ಗೆಳೆಯರು ಹೇಳುತ್ತಾರೆ. ದುಡ್ಡು ಕೊಟ್ಟರೆ ಸಿಗುತ್ತದಂತೆ. ಮಾಡಿಸಲೇ?
– ಓದುಗ, ಸೋಮವಾರಪೇಟೆ

ಉತ್ತರ: ಬೇಡ. ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆ ಎಷ್ಟೋ ಕಂಪನಿಗಳು ಪಿಎಫ್ ದಾಖಲೆ ಕೇಳುತ್ತವೆ. ಯಾವ ಕಂಪನಿಯಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದಿರಿ ಅಂತ ಅದರಲ್ಲಿ ಇರುತ್ತದೆ. ನಿಮ್ಮ ಆ ಕಂಪನಿ ಅಲ್ಲಿ ಇರುವುದಿಲ್ಲ. ಸೇರಿದ ಮೇಲೆ ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಆ ಕಾರಣ ನಿಮ್ಮ ಹಿಂದೆಯೇ ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಯುವನಿಧಿಗೆ ‘ನನಗೆ ಕೆಲಸ ಇಲ್ಲ’ ಅಂತ ಸ್ವಯಂ ಘೋಷಣೆ ಕೊಟ್ಟಿದ್ದೀರಿ. ಅದೇ ತಿಂಗಳುಗಳಲ್ಲಿ ಕೆಲಸ ಮಾಡುತ್ತಿದ್ದೆ ಅಂತ ಇನ್ನೊಂದು ಕಾಗದ ಕೊಟ್ಟರೆ ಎರಡರಲ್ಲಿ ಒಂದು ಸುಳ್ಳು, ಎರಡೂ ನಿಮ್ಮ ಹೆಸರಿನಲ್ಲೇ ಇವೆ.

ಡಿಗ್ರಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ಯೋಜನೆಯನ್ನು ಸರ್ಕಾರವೇ ಮಾಡಿದೆ. ಅಂದರೆ ಓದು ಮುಗಿದ ಕೂಡಲೇ ಕೆಲಸ ಸಿಗದೇ ಇರುವುದು ನಿಮ್ಮೊಬ್ಬರ ಸಮಸ್ಯೆ ಅಲ್ಲ. ಆ ಹಣದಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯೋ ಸ್ಪೋಕನ್ ಇಂಗ್ಲಿಷೋ, ನಿಮ್ಮ ದಾರಿಗೆ ಬೇಕಾದದ್ದು ಒಂದು ಕಲಿಯಿರಿ. ಅದರ ಸರ್ಟಿಫಿಕೇಟ್ ಅಸಲಿ.

ಪ್ರಶ್ನೆ: ಕುಶಾಲನಗರದ ಹತ್ತಿರ ಸಣ್ಣ ರೆಸಾರ್ಟ್ ನಡೆಸುತ್ತೇನೆ. ಫ್ರಂಟ್ ಆಫೀಸಿಗೆ ಜನ ಬೇಕು. ತುಂಬಾ ದಿನ ಸುಮ್ನೆ ಇದ್ದವರನ್ನು ನಾನು ಕರೆಯುವುದಿಲ್ಲ, ಅವರಿಗೆ ಶಿಸ್ತು ತಪ್ಪಿರುತ್ತದೆ, ಬೇರೆ ಕಡೆ ಸಿಕ್ಕರೆ ಬಿಟ್ಟು ಹೋಗುತ್ತಾರೆ ಅನ್ನುವ ಭಯ. ಇದು ತಪ್ಪೇ?
– ಮಾಲೀಕರು, ಕುಶಾಲನಗರ

ಉತ್ತರ: ನೇರವಾಗಿ ಕೇಳಿದ್ದಕ್ಕೆ ಸಂತೋಷ. ಹೌದು ಸರ್, ತಪ್ಪು. ನಮ್ಮ ಕೊಡಗು ಜಿಲ್ಲೆಯಲ್ಲಿ, ನಿಮ್ಮದೇ ಉದ್ಯಮದಲ್ಲಿ ಇದು ಇನ್ನೂ ದೊಡ್ಡ ತಪ್ಪು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಡಿಕೇರಿ ಸುತ್ತಮುತ್ತ ಪ್ರವಾಸಿಗರೇ ಇರಲಿಲ್ಲ. 2020ರಲ್ಲಿ ಕೊರೊನಾ ಬಂದು ರೂಮುಗಳಿಗೆಲ್ಲ ಬೀಗ ಬಿತ್ತು. ಆಗ ಕೆಲಸ ಹೋದ ಹುಡುಗರ ರೆಸ್ಯೂಮೆಯಲ್ಲಿ ಆ ತಿಂಗಳುಗಳು ಖಾಲಿ ಇರುತ್ತವೆ, ನಿಮ್ಮ ಬುಕಿಂಗ್ ಪುಸ್ತಕದಲ್ಲೂ ಖಾಲಿಯೇ ಇದ್ದವು. ಅಷ್ಟು ದೂರ ಯಾಕೆ, ಜುಲೈ-ಆಗಸ್ಟಿನ ಮಳೆಗೆ ರೂಮು ತುಂಬಲ್ಲ ಅಂತ ಎಷ್ಟೋ ಕಡೆ ಸಿಬ್ಬಂದಿಯನ್ನು ಮನೆಗೆ ಕಳಿಸುತ್ತಾರೆ. ದಸರಾ ಹತ್ತಿರ ಬಂದಾಗ ಅದೇ ಜನ ಕೆಲಸ ಕೇಳಿ ಬಂದರೆ ‘ಇಷ್ಟು ದಿನ ಏನು ಮಾಡುತ್ತಿದ್ದೆ’ ಅನ್ನುವುದು ನ್ಯಾಯವೇ?

ಬಿಟ್ಟು ಹೋಗುತ್ತಾರೆ ಅನ್ನುವ ಭಯಕ್ಕೆ ಒಂದು ಮಾತು. ಈಗ ಪಕ್ಕದ ರೆಸಾರ್ಟಿನಲ್ಲಿ ಇರುವವರನ್ನು ಎರಡು ಸಾವಿರ ಜಾಸ್ತಿ ಕೊಟ್ಟು ಕರೆತಂದರೆ, ಇನ್ನೆರಡು ಸಾವಿರ ಕೊಡುವವರು ಬಂದಾಗ ಅವರೂ ಹೋಗುತ್ತಾರೆ. ಕೆಲಸದಲ್ಲಿ ಇರುವುದಕ್ಕೂ ನಿಯತ್ತಿಗೂ ಸಂಬಂಧ ಇಲ್ಲ.

ಪರೀಕ್ಷೆ ಮಾಡಲೇಬೇಕು ಅಂದರೆ ಕೆಲಸವನ್ನೇ ಪರೀಕ್ಷೆ ಮಾಡಿ. ಒಂದು ವಾರ ಟ್ರಯಲ್ ಇಡಿ, ಆ ವಾರದ ಕೂಲಿಯನ್ನು ಪೂರ್ತಿ ಕೊಡಿ. ಪುಕ್ಕಟೆ ಟ್ರಯಲ್ ಅಂದರೆ ಅದು ಇನ್ನೊಬ್ಬರ ಕಷ್ಟವನ್ನು ಬಳಸಿಕೊಂಡಂತೆ. ಶನಿವಾರ ಮಧ್ಯಾಹ್ನ ಒಟ್ಟಿಗೆ ನಾಲ್ಕು ಕುಟುಂಬ ಬಂದಾಗ ಹೇಗೆ ನಿಭಾಯಿಸುತ್ತಾರೆ, ಬಿಸಿನೀರು ಬರುತ್ತಿಲ್ಲ ಅಂತ ರೇಗುವ ಅತಿಥಿಗೆ ಏನು ಉತ್ತರ ಕೊಡುತ್ತಾರೆ, ರಾತ್ರಿ ಲೆಕ್ಕ ಪೈಸೆಗೆ ಪೈಸೆ ಕೂಡುತ್ತದೆಯೇ, ಇದನ್ನು ನೋಡಿ. ಹಿಂದೆ ಕೆಲಸ ಮಾಡಿದ ಕಡೆಗೆ ಫೋನ್ ಮಾಡಿ ವಿಚಾರಿಸಿ. ಇನ್ನೊಂದು ವಿನಂತಿ. ಕೆಲಸ ಇಲ್ಲದೆ ಬಂದಿದ್ದಾರೆ, ಕಡಿಮೆಗೆ ಒಪ್ಪುತ್ತಾರೆ ಅಂತ ಸಂಬಳ ಇಳಿಸಬೇಡಿ. ಆ ಹುದ್ದೆಗೆ ನೀವು ಮೊದಲೇ ಗೊತ್ತು ಮಾಡಿದ್ದು ಎಷ್ಟೋ ಅಷ್ಟನ್ನೇ ಹೇಳಿ, ಊಟ-ವಸತಿ ಸೇರಿದೆಯೋ ಇಲ್ಲವೋ, ಮಳೆಗಾಲದಲ್ಲಿ ರಜೆ ಕೊಟ್ಟರೆ ಸಂಬಳ ಹೇಗೆ ಎನ್ನುವುದನ್ನೂ ಮೊದಲ ದಿನವೇ ಬರೆದು ಕೊಡಿ.