ಇಳಿಸಿದ ಕಾರಿನ ಟೈರ್ ಒಳಅಂಚು ಮಾತ್ರ ಸವೆಯುತ್ತಿದೆ, ಕ್ಯಾಂಬರ್ ಬೋಲ್ಟ್ ಹಾಕಿಸಲೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಇಷ್ಟು. ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು 40 ಮಿ.ಮೀ. ಇಳಿಸಿದ್ದೀರಿ. ಆಮೇಲೆ ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೀರಿ, ಎರಡೂ ಸಲ ಯಂತ್ರದ ಪರದೆ ಮೇಲೆ ಎಲ್ಲ ಹಸಿರು, ಅಂದರೆ ಎಲ್ಲ ಸರಿ. ಆದರೂ ಮುಂದಿನ ಎರಡೂ ಟೈರ್‌ಗಳ ಒಳಅಂಚು ಬೋಳಾಗಿದೆ, ಹೊರಗಿನಿಂದ ನೋಡಿದರೆ ಹೊಸದರ ಹಾಗಿದೆ. ಗ್ಯಾರೇಜಿನವರು ಇದಕ್ಕೆಲ್ಲ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು; ತಲೆ ಒಳಕ್ಕೆ ವಾಲಿದ್ದರೆ ಮೈನಸ್, ಅಂದರೆ ನೆಗೆಟಿವ್) ಕಾರಣ, ಆ ವಾಲನ್ನು ಹೊಂದಿಸುವ ಬೋಲ್ಟ್ ಹಾಕಿಸಿ ಅಂದಿದ್ದಾರೆ.

ಸ್ವಲ್ಪ ತಡೆಯಿರಿ. ಬೋಲ್ಟ್ ಬೇಕಾಗಬಹುದು, ಬೇಡವೂ ಆಗಬಹುದು. ಮೊದಲು ಟೋ ನೋಡಿ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು.

ನಾನೂ ವರ್ಷಗಳಿಂದ ಇಳಿಸಿದ ಕಾರನ್ನೇ ಓಡಿಸುತ್ತಿದ್ದೇನೆ. ಮುಂದಿನ ಕ್ಯಾಂಬರ್ ಮೈನಸ್ 2 ಡಿಗ್ರಿ ಹತ್ತಿರ ಇದೆ. ಒಳಭಾಗ ಹೊರಭಾಗಕ್ಕಿಂತ ಸ್ವಲ್ಪ ಮುಂಚೆ ಸವೆಯುತ್ತೆ, ಸುಳ್ಳು ಹೇಳಲ್ಲ. ಆದರೆ ಟೈರ್ ಅರ್ಧ ಆಯಸ್ಸಿಗೇ ಸಾಯುವ ಹಾಗೆ ಸವೆಯಲ್ಲ. ಚಕ್ರದ ತಲೆ ಒಳಕ್ಕೆ ವಾಲಿದ್ದರೂ ಅದು ನೇರ ಮುಂದಕ್ಕೆ ಉರುಳುತ್ತಿದ್ದರೆ ರಬ್ಬರ್ ಅಷ್ಟಾಗಿ ಉಜ್ಜಿಹೋಗುವುದಿಲ್ಲ. ಟೋ ತಪ್ಪಿದರೆ ಕಥೆ ಬೇರೆ. ಚಕ್ರ ಒಂದು ಕಡೆ ಮುಖ ಮಾಡಿರುತ್ತೆ, ಕಾರು ಇನ್ನೊಂದು ಕಡೆ ಹೋಗುತ್ತಿರುತ್ತೆ. ಆಗ ಟೈರ್ ಉರುಳುವುದರ ಜೊತೆಗೆ ಅಡ್ಡಕ್ಕೂ ಎಳೆದಾಡುತ್ತೆ, ಕಾಗದದ ಮೇಲೆ ಅಳಿಸುವ ರಬ್ಬರ್ ಉಜ್ಜಿದ ಹಾಗೆ.

ಲೆಕ್ಕ ಹಾಕಿ ನೋಡಿ. ಒಂದು ಚಕ್ರ 1 ಡಿಗ್ರಿ ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಅಡ್ಡಕ್ಕೆ ಉಜ್ಜಿದಂತೆ. ಅರ್ಧ ಡಿಗ್ರಿ ಅಂದರೂ 8-9 ಮೀಟರ್. ಅರ್ಧ ಡಿಗ್ರಿ ಓರೆ ಕಣ್ಣಿಗೆ ಕಾಣುವುದೇ ಇಲ್ಲ, ಸ್ಟೀರಿಂಗ್ ಕೂಡ ಎಳೆಯದೇ ಇರಬಹುದು. ಎರಡು ಚಕ್ರಗಳೂ ಸಮನಾಗಿ ಹೊರಗೆ ಮುಖ ಮಾಡಿದ್ದರೆ ಕಾರು ಪಾಪ ನೇರವಾಗೇ ಹೋಗುತ್ತೆ!

ಈಗ ನಿಮ್ಮ ಕಾರಿಗೆ ಬನ್ನಿ. ಟೋ-ಔಟ್ ಇದ್ದರೆ, ಅಂದರೆ ಚಕ್ರಗಳ ಮುಂಭಾಗ ಹೊರಕ್ಕೆ ತೆರೆದಿದ್ದರೆ, ಸವೆತ ಒಳಅಂಚಿನಲ್ಲಿ. ನೆಗೆಟಿವ್ ಕ್ಯಾಂಬರ್ ಇದ್ದರೆ ಭಾರ ಬೀಳುವುದೂ ಅದೇ ಒಳಅಂಚಿನ ಮೇಲೆ. ಎರಡೂ ಸೇರಿದರೆ ನೀವು ಹೇಳಿದ ಹಾಗೇ ಆಗುತ್ತೆ. ಕ್ಯಾಂಬರ್ ಎಲ್ಲಿ ಸವೆಯಬೇಕು ಅಂತ ತೋರಿಸಿಕೊಡುತ್ತೆ, ಉಜ್ಜುವ ಕೆಲಸ ಜಾಸ್ತಿ ಟೋದ್ದು.

ಕಾರು ಇಳಿಸಿದರೆ ಟೋ ಯಾಕೆ ಬದಲಾಗಬೇಕು ಅಂತ ಕೇಳಬಹುದು. ಸ್ಟೀರಿಂಗ್ ತಿರುಗಿಸಿದಾಗ ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ರ‍್ಯಾಕ್ ಕಾರಿನ ಮೈಗೆ ಅಂಟಿಕೊಂಡಿರುತ್ತೆ. ಮೈ ಕೆಳಗಿಳಿದರೆ ಅದೂ ಇಳಿಯುತ್ತೆ. ಚಕ್ರ ಮಾತ್ರ ಇದ್ದ ಎತ್ತರದಲ್ಲೇ ಇರುತ್ತೆ. ನಡುವೆ ಇರುವ ಟೈ ರಾಡ್ (ರ‍್ಯಾಕ್‌ನಿಂದ ಚಕ್ರಕ್ಕೆ ಹೋಗುವ ಸರಳು) ಮತ್ತು ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಜೋಡಿಸುವ ತೋಳು) ಎರಡೂ ಓರೆಯಾಗುತ್ತವೆ. ಎರಡರ ಉದ್ದ, ಕೋನ ಒಂದೇ ಅಲ್ವಾ ಅಂದರೆ, ಅಲ್ಲ. ಹಾಗಾಗಿ ಟೈ ರಾಡ್ ಚಕ್ರವನ್ನು ಸ್ವಲ್ಪ ತಳ್ಳುತ್ತೆ ಅಥವಾ ಎಳೆಯುತ್ತೆ. ಬಹಳ ಕಾರುಗಳಲ್ಲಿ ಮುಂದಿನ ಸಸ್ಪೆನ್ಷನ್ ಒತ್ತಿದಾಗ ಟೋ ಹೊರಕ್ಕೇ ಹೋಗುವ ಹಾಗೆ ಮಾಡಿರುತ್ತಾರೆ, ತಿರುವಿನಲ್ಲಿ ಕಾರು ಸಮಾಧಾನವಾಗಿ ನಡೆದುಕೊಳ್ಳಲಿ ಅಂತ. ನೀವು ಅದನ್ನು ಖಾಯಂ ಆಗಿ 40 ಮಿ.ಮೀ. ಒತ್ತಿ ಇಟ್ಟಿದ್ದೀರಿ.

ಸರಿ, ಪರದೆ ಹಸಿರಿತ್ತಲ್ಲ? ಆ ಹಸಿರನ್ನು ನಾನು ಅಷ್ಟು ನಂಬುವುದಿಲ್ಲ. ಯಂತ್ರದಲ್ಲಿರುವ ಅಂಕಿಗಳು ಕಂಪನಿ ಎತ್ತರದ ಕಾರಿಗೆ ಬರೆದವು. ಅದರಲ್ಲೂ ಇಷ್ಟರಿಂದ ಇಷ್ಟರವರೆಗೆ ಅಂತ ಒಂದು ಅಳತೆ ಇರುತ್ತೆ, ಅದರ ಕೊನೇ ತುದಿಯಲ್ಲಿದ್ದರೂ ಹಸಿರೇ. ಪೂರ್ತಿ ಟೋ-ಔಟ್ ತುದಿಯಲ್ಲಿ ಕೂತಿದ್ದರೂ ಹಸಿರು. ಎತ್ತರದ ಕಾರಿಗೆ ಅದು ನಡೆದೀತು. ಒಳಕ್ಕೆ ವಾಲಿದ ಚಕ್ರಕ್ಕೆ ನಡೆಯಲ್ಲ.

ಅದಕ್ಕೇ ಪ್ರಿಂಟ್ ಕೇಳಿ. ಹೊಂದಿಸುವುದಕ್ಕೆ ಮುಂಚಿನ ಅಂಕಿ, ಆಮೇಲಿನ ಅಂಕಿ ಎರಡೂ ಇರಬೇಕು. ಓದುವಾಗ ಒಂದು ವಿಷಯ ಗಮನಿಸಿ: ಕೆಲವು ಯಂತ್ರ ಡಿಗ್ರಿ ಮತ್ತು ಮಿನಿಟ್‌ನಲ್ಲಿ ಬರೆಯುತ್ತವೆ. 0°30' ಅಂದರೆ 0.30 ಅಲ್ಲ, ಅರ್ಧ ಡಿಗ್ರಿ. ಕೆಲವರು ಎಡ-ಬಲ ಕೂಡಿಸಿದ ಒಟ್ಟು ಟೋ ಮಾತ್ರ ಹೇಳುತ್ತಾರೆ, ಅದು ಒಂದು ಚಕ್ರದ್ದಲ್ಲ. ಇಳಿಸಿದ, ದಿನಾ ಓಡಿಸುವ ಕಾರಿಗೆ ನಾನಾದರೆ ಮುಂದಿನ ಟೋ ಸೊನ್ನೆ, ಇಲ್ಲವೇ ಒಂದಿಷ್ಟೇ ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ) ಇಡಿ ಅನ್ನುತ್ತೇನೆ. ಹಸಿರು ಬಂದರೆ ಸಾಕು ಅನ್ನಬೇಡಿ, ಈ ಅಂಕಿಗೆ ತನ್ನಿ ಅನ್ನಿ. ಒಳ್ಳೆಯ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳಲ್ಲ.

ಯಂತ್ರದ ಹತ್ತಿರ ಹೋಗುವ ಮುಂಚೆಯೇ ನಿಮಗೆ ಅರ್ಧ ಉತ್ತರ ಸಿಗುತ್ತೆ, ಟೈರ್ ಮುಟ್ಟಿ ನೋಡಿದರೆ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಕಾರು ಆಫ್ ಮಾಡಿ. ಮೊದಲು ಕಣ್ಣಲ್ಲಿ ನೋಡಿ, ಟೈರ್ ಒಳಗಿನ ತಂತಿ ಹೊರಗೆ ಬಂದಿದ್ದರೆ ಕೈ ಹಾಕಬೇಡಿ, ಚರ್ಮ ಸೀಳುತ್ತೆ. ತಂತಿ ಇಲ್ಲದಿದ್ದರೆ ಅಂಗೈಯನ್ನು ಟ್ರೆಡ್ ಮೇಲೆ ಅಡ್ಡಕ್ಕೆ ಸವರಿ. ಹೊರಗಿನಿಂದ ಒಳಕ್ಕೆ ಸವರಿದಾಗ ಚುಚ್ಚಿದ ಹಾಗಾಗಿ, ಒಳಗಿನಿಂದ ಹೊರಕ್ಕೆ ನುಣ್ಣಗಿದ್ದರೆ ಅದು ಟೋ-ಔಟ್. ಉಲ್ಟಾ ಇದ್ದರೆ ಟೋ-ಇನ್. ಎರಡೂ ಕಡೆ ನುಣ್ಣಗಿದ್ದು ಒಳಅಂಚು ಮಾತ್ರ ಇಳಿಜಾರಾಗಿ ಸವೆದಿದ್ದರೆ ಆಗ ಕ್ಯಾಂಬರ್ ಮೇಲೆ ಅನುಮಾನ ಪಡಿ. ಅಲ್ಲಲ್ಲಿ ಗುಳಿ ಬಿದ್ದಂತಿದ್ದರೆ ಇದ್ಯಾವುದೂ ಅಲ್ಲ, ಶಾಕ್ ಅಬ್ಸಾರ್ಬರ್ ಹೋಗಿದೆ, ಅಥವಾ ಹಳೇ ಶಾಕ್‌ಗೆ ಹೊಸ ಗಿಡ್ಡ ಸ್ಪ್ರಿಂಗ್ ಹೊಂದುತ್ತಿಲ್ಲ.

ಎರಡೂ ಟೈರ್ ಒಂದೇ ಥರ ಸವೆದಿವೆ ಅಂದಿರಿ. ಅದೂ ಟೋ ಕಡೆಗೇ ಬೆರಳು ತೋರಿಸುತ್ತೆ. ಮುಂದಿನ ಟೋ ಒಂದೇ ಚಕ್ರದಲ್ಲಿ ತಪ್ಪಿದ್ದರೂ ಓಡುವಾಗ ಎರಡೂ ಅದನ್ನು ಹಂಚಿಕೊಳ್ಳುತ್ತವೆ, ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತೆ ಅಷ್ಟೆ. ಒಂದೇ ಕಡೆ ಸವೆದಿದ್ದರೆ ಆರ್ಮ್ ಬಾಗಿದೆಯಾ, ಎಡ-ಬಲ ಕ್ಯಾಂಬರ್ ಬೇರೆ ಬೇರೆ ಇದೆಯಾ ಅಂತ ಹುಡುಕಬೇಕಿತ್ತು.

ಇನ್ನೊಂದು ಜಾಗ ಇದೆ, ಬಹಳ ಜನ ನೋಡಲ್ಲ: ಬುಷ್, ಅಂದರೆ ಆರ್ಮ್ ಕಾರಿನ ಮೈಗೆ ಸೇರುವ ಜಾಗದ ರಬ್ಬರ್ ತುಂಡು. ಲೋಯರ್ ಆರ್ಮ್ ಬುಷ್‌ನ ರಬ್ಬರ್ ಸಾಮಾನ್ಯವಾಗಿ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿರುತ್ತೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರ್ ತಿರುಚಿಕೊಳ್ಳುತ್ತೆ. ಸ್ಪ್ರಿಂಗ್ ಹಾಕುವಾಗ ಆರ್ಮ್ ಬೋಲ್ಟ್ ಸಡಿಲಿಸಿ, ಕಾರು ಜ್ಯಾಕ್ ಮೇಲೆ ಚಕ್ರ ಜೋತಾಡುತ್ತಿರುವಾಗಲೇ ಬಿಗಿ ಮಾಡಿಬಿಟ್ಟರೆ, ಕಾರು ಕೆಳಗಿಳಿದ ಕೂಡಲೇ ಬುಷ್ ಖಾಯಂ ಆಗಿ ತಿರುಚಿಕೊಂಡು ನಿಲ್ಲುತ್ತೆ. ಬೇಗ ಹರಿಯುತ್ತೆ. ಬೋಲ್ಟ್ ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲೆ ಇದ್ದಾಗ ಮತ್ತೆ ಬಿಗಿ ಮಾಡಿಸಬೇಕು. ಹರಿದ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸುವುದು ಸುಮ್ನೆ ದುಡ್ಡು ದಂಡ. ನಿಂತಾಗ ಟೋ ಸರಿ ಇರುತ್ತೆ, ಬ್ರೇಕ್ ಒತ್ತಿದಾಗ ಚಕ್ರ ಹೊರಕ್ಕೆ ತಿರುಗುತ್ತೆ. ಚಕ್ರ ಎತ್ತಿ ಎಡ-ಬಲ ಹಿಡಿದು ಅಲ್ಲಾಡಿಸಿ, ಟೈ ರಾಡ್ ಪ್ಲೇ, ಅಂದರೆ ಸಡಿಲ, ಗೊತ್ತಾಗುತ್ತೆ. ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದರೆ ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆ ಸೇರುವ ಕೀಲು), ಬೇರಿಂಗ್ ಸಡಿಲವಾಗಿದ್ದರೆ ಗೊತ್ತಾಗುತ್ತೆ.

ಕ್ಯಾಂಬರ್ ಬೋಲ್ಟ್ ಯಾವಾಗ? ಪ್ರಿಂಟ್‌ನಲ್ಲಿ ಮುಂದಿನ ಕ್ಯಾಂಬರ್ ಮೈನಸ್ 1 ಅಥವಾ ಒಂದೂವರೆ ಇದ್ದರೆ ನಾನು ಮುಟ್ಟಲ್ಲ. ಮೈನಸ್ ಎರಡೂವರೆ ದಾಟಿದ್ದರೆ, ಅಥವಾ ಎಡ-ಬಲಕ್ಕೆ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಹಾಕಿಸಿ. ಹಾಕಿಸಿದ ಮೇಲೆ ಟೋ ಮತ್ತೆ ಹೊಂದಿಸಲೇಬೇಕು, ಕ್ಯಾಂಬರ್ ಬದಲಾದರೆ ಟೋನೂ ಬದಲಾಗುತ್ತೆ. ಕ್ರಮ ಯಾವಾಗಲೂ ಇದೇ: ಮೊದಲು ಹಿಂದಿನ ಚಕ್ರ, ಆಮೇಲೆ ಮುಂದಿನ ಕ್ಯಾಂಬರ್, ಕೊನೆಗೆ ಮುಂದಿನ ಟೋ. ಹಿಂದೆ ಟ್ವಿಸ್ಟ್ ಬೀಮ್ (ಎರಡೂ ಚಕ್ರ ಸೇರಿಸುವ ಒಂದೇ ತೊಲೆ) ಇದ್ದರೆ ಇಳಿಸಿದ್ದರಿಂದ ಅಲ್ಲಿ ಹೆಚ್ಚೇನೂ ಬದಲಾಗಿರಲ್ಲ. ಮಲ್ಟಿಲಿಂಕ್ (ಪ್ರತಿ ಚಕ್ರಕ್ಕೂ ಬೇರೆ ಬೇರೆ ಹಲವು ಆರ್ಮ್) ಇದ್ದರೆ ಹಿಂದಿನ ಟೈರ್ ಒಳಅಂಚನ್ನೂ ಈಗಲೇ ಬಗ್ಗಿ ನೋಡಿ.

ಈಗಿನ ಟೈರ್ ವಿಷಯ. ತಂತಿ ಕಂಡರೆ ಅಥವಾ ಒಳಅಂಚಿನಲ್ಲಿ ಟ್ರೆಡ್ 1.6 ಮಿ.ಮೀ.ಗೆ ಇಳಿದಿದ್ದರೆ ಮಾತೇ ಇಲ್ಲ, ಬದಲಾಯಿಸಿ. ಮಳೆಯಲ್ಲಂತೂ ಅಂಥ ಟೈರ್‌ನಲ್ಲಿ ಕಾರು ಹೊರಗೆ ತೆಗೆಯಲೇಬೇಡಿ. ಇನ್ನೂ ಜೀವ ಇದ್ದರೆ ರಿಮ್ಮಿಂದ ಬಿಚ್ಚಿ ಮಗುಚಿ ಹಾಕಿಸಬಹುದು, ಒಳಅಂಚು ಹೊರಗೆ ಬರುತ್ತೆ. ಆದರೆ ಪಕ್ಕದಲ್ಲಿ ಒಳಬದಿ, ಹೊರಬದಿ ಅಂತ ಗುರುತಿರುವ ಟೈರನ್ನು ಹಾಗೆ ಮಾಡುವ ಹಾಗಿಲ್ಲ. ತಿರುಗುವ ದಿಕ್ಕಿನ ಬಾಣ ಇದ್ದರೆ ಮಗುಚಿದ ಮೇಲೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಬೇಕು.

ಹೊಸ ಟೈರ್ ಹಾಕಿಸುವುದಾದರೆ ಪ್ಲೇ, ಬುಷ್, ಟೋ ಎಲ್ಲ ಸರಿ ಮಾಡಿಸಿದ ಮೇಲೇ ಹಾಕಿಸಿ. ಪ್ರಿಂಟ್ ಸಿಕ್ಕರೆ ಮುಂದಿನ ಎರಡೂ ಚಕ್ರದ ಟೋ, ಕ್ಯಾಂಬರ್ ಅಂಕಿ ಇಲ್ಲಿ ಬರೆಯಿರಿ, ಬೋಲ್ಟ್ ಬೇಕೋ ಬೇಡವೋ ನೋಡಿ ಹೇಳುತ್ತೇನೆ.