ಹಂದಿ ಕೊಡೆ ಹಿಡಿದರೆ ಮಗು ಏಕೆ ನಗಬೇಕು? ಓದುಗರ ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಮಗಳಿಗೆ ಮೂರು ವರ್ಷ ತುಂಬಿದೆ. ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ತಮಾಷೆಯ ಚಿತ್ರಪುಸ್ತಕವೊಂದರಲ್ಲಿ ಹುಂಜ ಮಧ್ಯಾಹ್ನದವರೆಗೆ ಮುಸುಕು ಹಾಕಿ ಮಲಗಿರುತ್ತದೆ, ಹಸು ಕೋಳಿಗೂಡಿನೊಳಗೆ ಕುಳಿತು ಮೊಟ್ಟೆಗಳಿಗೆ ಕಾವು ಕೊಡುತ್ತದೆ, ಹಂದಿ ಕೊಡೆ ಹಿಡಿದುಕೊಂಡು ಕೆಸರಿಗೆ ಇಳಿಯುತ್ತದೆ. ಓದುವಾಗ ನಾನೂ ನನ್ನ ಪತಿಯೂ ನಗುತ್ತೇವೆ. ಮಗಳು ಮಾತ್ರ ಗಂಭೀರವಾಗಿ ನೋಡುತ್ತಾಳೆ. ಬೇಸಿಗೆಯಲ್ಲಿ ಹಾವೇರಿಯ ಹತ್ತಿರದ ನಮ್ಮ ಊರಿಗೆ ಆ ಪುಸ್ತಕವನ್ನು ಕೊಂಡೊಯ್ದಾಗ ಅವಳದೇ ವಯಸ್ಸಿನ ನನ್ನ ಅಣ್ಣನ ಮಗ ಅವೇ ಪುಟಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಮ್ಮ ಮಗಳಿಗೆ ಹಾಸ್ಯಪ್ರಜ್ಞೆ ಕಡಿಮೆಯೇ?
ಓದುಗರೊಬ್ಬರು, ಡೊಂಬಿವಲಿ

ಉತ್ತರ: ಖಂಡಿತ ಇಲ್ಲ. ನಿಮ್ಮ ಅಣ್ಣನ ಮಗ ದಿನ ಬೆಳಗಾದರೆ ಹುಂಜದ ಕೂಗು ಕೇಳುತ್ತಾನೆ, ಕೊಟ್ಟಿಗೆಯಲ್ಲಿ ಹಸು ಎಲ್ಲಿ ಮಲಗುತ್ತದೆ, ಕೋಳಿ ಎಲ್ಲಿ ಕಾವಿಗೆ ಕೂರುತ್ತದೆ ಎಂಬುದನ್ನು ಯಾರೂ ಹೇಳಿಕೊಡದೆಯೇ ಬಲ್ಲ. ಹಾಗಾಗಿ ಲೋಕದ ಕ್ರಮ ತಲೆಕೆಳಗಾದದ್ದು ಅವನಿಗೆ ಒಂದೇ ನೋಟಕ್ಕೆ ಹೊಳೆಯುತ್ತದೆ. ಡೊಂಬಿವಲಿಯ ಮೂರನೆಯ ಮಹಡಿಯಲ್ಲಿ ಬೆಳೆಯುತ್ತಿರುವ ನಿಮ್ಮ ಮಗಳಿಗೆ ಹಸು ಕೋಳಿಗೂಡಿನಲ್ಲಿ ಇರುವುದೂ ಕೊಟ್ಟಿಗೆಯಲ್ಲಿ ಇರುವುದೂ ಸಮಾನವಾಗಿ ಹೊಸ ಸುದ್ದಿಯೇ. ಎರಡನ್ನೂ ಅವಳು ನಿಮ್ಮ ಮಾತಿನ ಮೇಲಿನ ನಂಬಿಕೆಯಿಂದ ಒಪ್ಪಿಕೊಳ್ಳುತ್ತಿದ್ದಾಳೆ. ಅವಳ ಗಾಂಭೀರ್ಯ ಕಲಿಯುವವಳ ಗಾಂಭೀರ್ಯ.

ರಷ್ಯಾದ ಮಕ್ಕಳ ಕವಿ ಕೊರ್ನೇಯ್ ಚುಕೋವ್ಸ್ಕಿ ತಮ್ಮ ಮಗಳ ಬಗ್ಗೆ ಬರೆದಿರುವ ಒಂದು ಪ್ರಸಂಗ ಇಲ್ಲಿಗೆ ಹೊಂದುತ್ತದೆ. ಇನ್ನೂ ಎರಡು ವರ್ಷ ತುಂಬದ ಆ ಮಗು ಒಂದು ದಿನ ತಂದೆಯ ಬಳಿ ಬಂದು, ನಾಯಿ ಮಿಯಾಂವ್ ಎನ್ನುತ್ತದೆಂದು ಸಾರಿ, ತಾನೇ ನಗತೊಡಗಿತು. ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಎನ್ನುತ್ತದೆ ಎಂಬುದು ಮಗುವಿಗೆ ಪೂರ್ತಿ ಕೈವಶವಾದ ಮೇಲೆಯೇ ಅದನ್ನು ಅದಲುಬದಲು ಮಾಡಿ ಆಡುವ ಧೈರ್ಯ ಬರುತ್ತದೆ ಎಂದು ಅವರು ಇದರಿಂದ ಕಂಡುಕೊಂಡರು. ನನ್ನ ಅಭಿಪ್ರಾಯದಲ್ಲಿ ತಮಾಷೆಯ ಪುಸ್ತಕವನ್ನು ಮಕ್ಕಳಿಗೆ ಕೊಡುವವರು ತಿಳಿದಿರಬೇಕಾದದ್ದು ಬಹುಮಟ್ಟಿಗೆ ಇಷ್ಟೇ: ನೇರವಾದದ್ದು ಮೊದಲು, ತಿರುವುಮುರುವಾದದ್ದು ಆಮೇಲೆ.

ಆದ್ದರಿಂದ ಪುಸ್ತಕವನ್ನು ಕೆಲವು ದಿನ ಬದಿಗಿಟ್ಟು ಪ್ರಾಣಿಗಳನ್ನು ತೋರಿಸಿ. ಮುಂಬಯಿಯಲ್ಲಿ ಅವು ಎಲ್ಲಿವೆ ಎಂದು ಕೇಳಬೇಡಿ. ಗೋರೆಗಾಂವ್ ಪೂರ್ವದಲ್ಲಿ 1949ರಲ್ಲಿ ಸ್ಥಾಪನೆಯಾದ ಆರೆ ಹಾಲಿನ ಕಾಲೊನಿಯ ತಬೇಲಾಗಳಲ್ಲಿ, ಅಂದರೆ ದೊಡ್ಡ ಕೊಟ್ಟಿಗೆಗಳಲ್ಲಿ, ಇಂದಿಗೂ ಎಮ್ಮೆಗಳಿವೆ. ಭುಲೇಶ್ವರದ ಗಲ್ಲಿಗಳ ನಡುವೆ 1834ರಿಂದ ನಡೆದುಬಂದಿರುವ ಪಾಂಜರಾಪೋಳ ಎಂಬ ದನಗಳ ಆಶ್ರಯತಾಣದಲ್ಲಿ ಹಸು ಕರುಗಳಿಗೆ ಹುಲ್ಲು ತಿನ್ನಿಸಲು ಜನ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅಲ್ಲಿ ಅವಸರ ಮಾಡದೆ ನಿಲ್ಲಿ. ಹಸು ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದುಕೊಳ್ಳುವುದನ್ನು, ಮೇಲ್ದವಡೆಯ ಮುಂಭಾಗದಲ್ಲಿ ಅದಕ್ಕೆ ಹಲ್ಲೇ ಇಲ್ಲದಿರುವುದನ್ನು, ಮಲಗಿದ ಮೇಲೂ ಬಾಯಿ ಆಡಿಸುತ್ತ ಮೆಲುಕು ಹಾಕುವುದನ್ನು ಮಗು ತಾನಾಗಿ ಗಮನಿಸಲಿ. ವಿದೇಶಿ ಪುಸ್ತಕಗಳಲ್ಲಿ ಬರುವ ಕಪ್ಪು-ಬಿಳುಪು ಹಸುವಿಗೆ ಇಲ್ಲದ ಹಿಣಿಲು ನಮ್ಮ ನಾಟಿ ಹಸುವಿಗಿದೆ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲೂ ಎದ್ದು ಕಾಣುವಷ್ಟು ದೊಡ್ಡದು. ಮನೆಗೆ ಬಂದು ಪುಸ್ತಕ ತೆರೆದಾಗ ಈ ಹಸುವಿನ ಬೆನ್ನು ಏಕೆ ಚಪ್ಪಟೆ ಎಂದು ಮಗಳು ಕೇಳಿದರೆ ಹೋಗಿಬಂದ ಶ್ರಮ ಸಾರ್ಥಕವಾಯಿತೆಂದು ತಿಳಿಯಿರಿ.

ಇನ್ನು ಹಂದಿಯ ಕೊಡೆ. ಹಂದಿಗೆ ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ, ಅದಕ್ಕಾಗಿಯೇ ಅದು ಕೆಸರಿನಲ್ಲಿ ಹೊರಳುತ್ತದೆ. ಒದ್ದೆಯಾಗಲೆಂದೇ ಹೋಗುವ ಪ್ರಾಣಿ ಒದ್ದೆಯಾಗಬಾರದೆಂದು ಕೊಡೆ ಹಿಡಿಯುವುದೇ ಅಲ್ಲಿನ ತಮಾಷೆ. ಎಮ್ಮೆಯದೂ ಇದೇ ಕಥೆ: ಅದಕ್ಕೆ ಹಸುವಿಗಿಂತ ಬೆವರುಗ್ರಂಥಿಗಳು ಕಡಿಮೆ, ಮೈಬಣ್ಣ ಕಪ್ಪು, ಆದ್ದರಿಂದ ನೀರು ಕಂಡರೆ ಬಿಡದು. ಆರೆಯ ಎಮ್ಮೆಗಳನ್ನು ನೋಡಿಬಂದ ಮಗುವಿಗೆ ಹಂದಿಯ ಜಾಗದಲ್ಲಿ ಎಮ್ಮೆಯನ್ನು ಇಟ್ಟು ಕಥೆ ಹೇಳಿದರೂ ನಷ್ಟವೇನಿಲ್ಲ. ಆದರೆ ಪುಟ ತೆರೆದಾಗ ಇದು ಏಕೆ ತಮಾಷೆ ಎಂದು ದಯವಿಟ್ಟು ವಿವರಿಸಲು ಹೋಗಬೇಡಿ. ಮಳೆಗಾಲದಲ್ಲಿ ನೀನು ಕೊಡೆ ಏಕೆ ಹಿಡಿಯುತ್ತೀಯ ಎಂದು ಕೇಳಿ ಸುಮ್ಮನಾಗಿರಿ; ಉಳಿದ ದಾರಿಯನ್ನು ಮಗು ತಾನೇ ನಡೆಯುತ್ತದೆ.

ಪ್ರಶ್ನೆ: ಪುಸ್ತಕ ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಅತ್ತೆಯವರದು ತುಳು, ನನ್ನದು ಧಾರವಾಡದ ಕನ್ನಡ, ಹೊರಗೆ ಮರಾಠಿ ಮತ್ತು ಹಿಂದಿ. ಎರಡೂವರೆ ವರ್ಷದ ಮಗನಿಗೆ ಯಾವ ಭಾಷೆಯಲ್ಲಿ ಓದಿ ಹೇಳಬೇಕು?
ಓದುಗರೊಬ್ಬರು, ಅಂಧೇರಿ

ಉತ್ತರ: ಎರಡೂವರೆ ವರ್ಷದವನು ಅಕ್ಷರ ಓದುವುದಿಲ್ಲ, ಚಿತ್ರ ಓದುತ್ತಾನೆ, ಆದ್ದರಿಂದ ಪುಟದ ಮೇಲೆ ಅಚ್ಚಾಗಿರುವ ವಾಕ್ಯಗಳಿಗೆ ನೀವು ಬದ್ಧರಾಗಬೇಕಿಲ್ಲ. ನಿಮಗೆ ನಿರಾಯಾಸವಾಗಿ ಬರುವ ಭಾಷೆಯಲ್ಲಿ ಕಥೆ ಹೇಳಿ. ನೀವು ಆಕಳು ಎನ್ನಿ, ಅತ್ತೆಯವರು ಪೆತ್ತ ಎನ್ನಲಿ. ಇಬ್ಬರೂ ಒಬ್ಬರನ್ನೊಬ್ಬರು ತಿದ್ದದಿದ್ದರೆ ಸಾಕು. ತಮಾಷೆಯ ಪುಸ್ತಕಕ್ಕೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ, ಏಕೆಂದರೆ ನಗಿಸುವುದು ಧ್ವನಿಯ ಏರಿಳಿತ ಮತ್ತು ಸರಿಯಾದ ಕ್ಷಣದಲ್ಲಿ ಕೊಡುವ ಬಿಡುವು, ಇವೆರಡೂ ತಡವರಿಸುವ ಭಾಷೆಯಲ್ಲಿ ಸಾಧ್ಯವಾಗುವುದಿಲ್ಲ.

ಪ್ರಶ್ನೆ: ಮೊಮ್ಮಗ ದಿನವೂ ರಾತ್ರಿ ಅದೇ ಕತ್ತೆಯ ಪುಸ್ತಕವನ್ನೇ ತರುತ್ತಾನೆ. ನನಗೆ ಬಾಯಿಪಾಠವಾಗಿ ಬೇಸರ ಬಂದಿದೆ. ಬೇರೆ ಪುಸ್ತಕಕ್ಕೆ ಒಲಿಸುವುದು ಹೇಗೆ?
ಒಬ್ಬ ಅಜ್ಜ, ಠಾಣೆ

ಉತ್ತರ: ಒಲಿಸಬೇಡಿ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಕಥೆಗಳಲ್ಲಿ ಹೊಸ ಪದಗಳನ್ನು ಕೇಳಿದ ಮೂರು ವರ್ಷದ ಮಕ್ಕಳಿಗಿಂತ, ಅದೇ ಪದಗಳನ್ನು ಅಷ್ಟೇ ಸಲ ಒಂದೇ ಕಥೆಯ ಮರುಓದಿನಲ್ಲಿ ಕೇಳಿದ ಮಕ್ಕಳು ಹೆಚ್ಚು ಚೆನ್ನಾಗಿ ಕಲಿತದ್ದು ಕಂಡುಬಂತು. ಬೇಸರ ನಿಮ್ಮದು, ಅವನದಲ್ಲ. ಅದನ್ನು ಕಳೆದುಕೊಳ್ಳಲು ಒಂದು ಉಪಾಯವಿದೆ: ಕತ್ತೆಯ ಪುಟ ಬಂದಾಗ ಅತ್ಯಂತ ಗಂಭೀರವಾಗಿ ಕತ್ತೆ ಕೊಕ್ಕೊಕ್ಕೋ ಎಂದಿತು ಎಂದು ಓದಿ. ಅಜ್ಜನನ್ನು ತಿದ್ದುವ ಅವಕಾಶವನ್ನು ಯಾವ ಮೊಮ್ಮಗನೂ ಬಿಟ್ಟುಕೊಡುವುದಿಲ್ಲ. ಅವನು ತಿದ್ದಿದಾಗ ಸೋತವರಂತೆ ಒಪ್ಪಿಕೊಂಡು ಮತ್ತೊಂದು ತಪ್ಪು ಮಾಡಿ. ಮೊದಲ ವಾರವೇ ಹೀಗೆ ಮಾಡಿದರೆ ಮಗು ಗಲಿಬಿಲಿಗೊಳ್ಳಬಹುದಾಗಿತ್ತು. ಪುಸ್ತಕ ಬಾಯಿಪಾಠವಾದ ಈಗ ಅದಕ್ಕೆ ತಕ್ಕ ಕಾಲ.

ಪ್ರಶ್ನೆ: ಪ್ರಾಣಿಗಳು ಮಾತನಾಡುವ, ಅಂಗಿ ತೊಡುವ, ಅಡುಗೆ ಮಾಡುವ ಪುಸ್ತಕಗಳು ಮಕ್ಕಳಿಗೆ ತಪ್ಪು ತಿಳಿವಳಿಕೆ ಕೊಡುವುದಿಲ್ಲವೇ? ನಮ್ಮ ಮನೆಯಲ್ಲಿ ಇದರ ಬಗ್ಗೆ ವಾದವೇ ನಡೆದಿದೆ.
ಓದುಗರೊಬ್ಬರು, ಪುಣೆ

ಉತ್ತರ: ವಾದಿಸುವ ಇಬ್ಬರಲ್ಲೂ ಸ್ವಲ್ಪ ಸ್ವಲ್ಪ ನ್ಯಾಯವಿದೆ. ಟೊರಾಂಟೊದ ಪೆಟ್ರೀಷಿಯಾ ಗಾನಿಯಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮಕ್ಕಳಿಗೆ ಪರಿಚಯವಿಲ್ಲದ ಪ್ರಾಣಿಗಳ ಬಗ್ಗೆ ಎರಡು ಬಗೆಯ ಚಿತ್ರಪುಸ್ತಕಗಳನ್ನು ಓದಿ ಹೇಳಲಾಯಿತು. ಪ್ರಾಣಿಗಳನ್ನು ಮನುಷ್ಯರಂತೆ ಮಾತನಾಡಿಸಿ ಬಣ್ಣಿಸಿದ ಪುಸ್ತಕ ಕೇಳಿದ ಮಕ್ಕಳು ನಿಜವಾದ ಪ್ರಾಣಿಗೂ ಮನುಷ್ಯರ ಭಾವನೆ, ವರ್ತನೆಗಳನ್ನು ಆರೋಪಿಸುವ ಸಂಭವ ಹೆಚ್ಚಿತ್ತು. ಅಧ್ಯಯನಕ್ಕೆ ಆರಿಸಿಕೊಂಡವು ಆ ಮಕ್ಕಳು ಎಂದೂ ಕಾಣದ ಪ್ರಾಣಿಗಳು ಎಂಬುದನ್ನು ಗಮನಿಸಿ. ಕಾತ್ರಜದ ಕಡೆ ಹೋಗುವಾಗ ಮೇಕೆಯ ಹಿಂಡನ್ನು ಕಂಡ ಮಗು, ಪುಸ್ತಕದ ಮೇಕೆ ಚಹಾ ಕಾಯಿಸಿದ್ದನ್ನು ನಂಬಿ ಮೋಸಹೋಗುವ ಸಂಭವ ಕಡಿಮೆ ಎಂದು ನನ್ನ ಊಹೆ. ಮೇಕೆಯನ್ನೇ ಕಾಣದ ಮಗುವಿನ ವಿಷಯದಲ್ಲಿ ನಿಮ್ಮ ಆತಂಕ ನ್ಯಾಯವಾದದ್ದು. ಪಂಚತಂತ್ರದ ನರಿ, ಸಿಂಹಗಳು ಮಾತನಾಡಿದ್ದನ್ನು ಕೇಳಿ ಬೆಳೆದ ನಾವು ಈಗ ಏಕಾಏಕಿ ಮಾತಿನ ಪ್ರಾಣಿಗಳನ್ನು ಮನೆಯಿಂದ ಹೊರಗಟ್ಟುವುದು ನನಗಂತೂ ಸರಿಯೆನಿಸುವುದಿಲ್ಲ. ಪ್ರಾಣಿಗಳನ್ನು ಇದ್ದ ಹಾಗೆಯೇ ತೋರಿಸುವ ಒಂದು ಸಾದಾ ಪುಸ್ತಕವೂ ಅದೇ ಕಪಾಟಿನಲ್ಲಿರಲಿ.

ಪ್ರಶ್ನೆ: ನಮ್ಮ ಕನ್ನಡ ಸಂಘದಲ್ಲಿ ಭಾನುವಾರ ಚಿಕ್ಕ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳಬೇಕೆಂದಿದ್ದೇವೆ. ಎರಡರಿಂದ ಆರು ವರ್ಷದ ಸುಮಾರು ಹನ್ನೆರಡು ಮಕ್ಕಳು ಬರುತ್ತಾರೆ. ಕನ್ನಡ ಪುಸ್ತಕಗಳು ಎಲ್ಲಿ ಸಿಗುತ್ತವೆ, ಎಲ್ಲರನ್ನೂ ಒಟ್ಟಿಗೆ ಹಿಡಿದಿಡುವುದು ಹೇಗೆ?
ಸಂಘದ ಸದಸ್ಯರೊಬ್ಬರು, ಮುಲುಂಡ್

ಉತ್ತರ: ಪುಸ್ತಕಗಳ ಮಾತು ಸುಲಭ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಅವನ್ನು ಇಳಿಸಿಕೊಂಡು ಮುದ್ರಿಸಲೂ ಅನುಮತಿಯಿದೆ. ನ್ಯಾಷನಲ್ ಬುಕ್ ಟ್ರಸ್ಟ್ ಕಡಿಮೆ ಬೆಲೆಯಲ್ಲಿ ಕನ್ನಡ ಮಕ್ಕಳ ಪುಸ್ತಕಗಳನ್ನು ಪ್ರಕಟಿಸುತ್ತದೆ, ಚೆನ್ನೈನ ತೂಲಿಕಾ ಪ್ರಕಾಶನದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕಗಳಿವೆ.

ವಯಸ್ಸಿನ ಅಂತರವೇ ನಿಮ್ಮ ನಿಜವಾದ ಸಮಸ್ಯೆ. ಎರಡು ವರ್ಷದವರು ಅಂಬಾ, ಮ್ಯಾ ಎಂಬ ಕೂಗಿಗೆ ನಗುತ್ತಾರೆ. ನಾಲ್ಕು ವರ್ಷದವರು ಚಿತ್ರದಲ್ಲಿರುವ ಅಸಂಬದ್ಧಕ್ಕೆ ನಗುತ್ತಾರೆ. ಆರು ವರ್ಷದವರು ಒಗಟಿನ ರುಚಿ ಹತ್ತುವ ವಯಸ್ಸಿನವರು, ಬರೀ ಕೂಗಿಗೆ ನಕ್ಕರೆ ತಮ್ಮ ಘನತೆಗೆ ಕುಂದೆಂದು ಭಾವಿಸುವವರು. ಹಾಗಾಗಿ ಪಾತ್ರ ಹಂಚಿಬಿಡಿ. ಚಿಕ್ಕವರಿಗೆ ತಲಾ ಒಂದು ಪ್ರಾಣಿಯ ಕೂಗು, ಆ ಪ್ರಾಣಿ ಬಂದಾಗಲೆಲ್ಲ ಅವರು ಕೂಗಲಿ. ನಡುವಿನವರು ಪುಟದಲ್ಲಿ ಎಲ್ಲಿ ಎಡವಟ್ಟಾಗಿದೆ ಎಂದು ಹುಡುಕಲಿ. ದೊಡ್ಡವರನ್ನು ಪುಟ ತಿರುಗಿಸುವ ಮೊದಲು ನಿಲ್ಲಿಸಿ, ಮುಂದೇನಾಗಬಹುದು ಎಂದು ಕೇಳಿ. ಗ್ರೋವರ್ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರ ತಂಡ 1988ರಲ್ಲಿ ತೋರಿಸಿಕೊಟ್ಟಂತೆ, ಬರೀ ಓದಿ ಹೇಳುವುದಕ್ಕಿಂತ ಹೀಗೆ ಕೇಳಿ, ಮಗುವಿನ ಉತ್ತರಕ್ಕೆ ಒಂದೆರಡು ಮಾತು ಸೇರಿಸಿ ಹಿಂದಿರುಗಿಸುವುದರಿಂದ ಪುಟ್ಟ ಮಕ್ಕಳ ಮಾತು ಬೇಗ ಬೆಳೆಯುತ್ತದೆ.

ಮಕ್ಕಳನ್ನು ನೆಲದ ಮೇಲೆ ಅರ್ಧವೃತ್ತದಲ್ಲಿ ಕೂರಿಸಿ, ನೀವು ತಗ್ಗಿನ ಮಣೆಯ ಮೇಲೆ ಕುಳಿತು ಪುಸ್ತಕವನ್ನು ಭುಜದ ಪಕ್ಕಕ್ಕೆ ಹಿಡಿಯಿರಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಇದ್ದರೆ ಚಿತ್ರ ಕಾಣುವುದಿಲ್ಲ. ಕಾಲು ಗಂಟೆಗಿಂತ ಹೆಚ್ಚು ಎಳೆಯಬೇಡಿ. ಹನ್ನೆರಡು ಮಕ್ಕಳು ಹಸು, ಕೋಳಿ, ಕತ್ತೆಗಳಾಗಿ ಒಟ್ಟಿಗೆ ಕೂಗಿದರೆ ಗದ್ದಲವಾಗಿಯೇ ಆಗುತ್ತದೆ, ಆದ್ದರಿಂದ ಕಾರ್ಯಕಾರಿ ಸಮಿತಿಯ ಸಭೆಯನ್ನು ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಇಟ್ಟುಕೊಳ್ಳಬೇಡಿ.